ಹಳೆಯ ಬಿಲ್ಲು, ರಸೀದಿ, ಪತ್ರಗಳನ್ನು ಓಸಿಆರ್ ಮೂಲಕ ಹುಡುಕಬಲ್ಲ ಪಠ್ಯವಾಗಿಸುವುದು: ವಖಾರಿ, ಸಂಘ ಮತ್ತು ಸಣ್ಣ ಕಚೇರಿಗಳಿಗೆ ಸಮಗ್ರ ಮಾರ್ಗದರ್ಶಿ

ಶಿರಸಿಯ ಅಡಿಕೆ ವಖಾರಿಗಳಿಂದ, ಸಿದ್ದಾಪುರ ಮತ್ತು ಯಲ್ಲಾಪುರ ಕಡೆಯ ಸಹಕಾರಿ ಸಂಘಗಳಿಂದ, ಕಾರವಾರ ಮತ್ತು ಕುಮಟಾದ ಮೀನು ಹಾಗೂ ಕಿರಾಣಿ ವ್ಯಾಪಾರಿಗಳಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಬಗೆಯದು. ವಾರಗಟ್ಟಲೆ ಕುಳಿತು ಹಳೆಯ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿರುತ್ತಾರೆ, ಓಸಿಆರ್ ತಂತ್ರಾಂಶಕ್ಕೆ, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ತಂತ್ರಾಂಶಕ್ಕೆ, ಹಾಕಿರುತ್ತಾರೆ; ಆದರೆ ಹೊರಬಂದ ಪಠ್ಯದಲ್ಲಿ ಸದಸ್ಯರ ಹೆಸರು ಹುಡುಕಿದರೆ ಸಿಗುವುದಿಲ್ಲ, ಮೊತ್ತ ಕೂಡಿದರೆ ತಾಳೆಯಾಗುವುದಿಲ್ಲ. ಇದಕ್ಕಿಂತ ಒಳ್ಳೆಯ ತಂತ್ರಾಂಶ ಯಾವುದು ಎಂದು ಅವರು ಕೇಳುತ್ತಾರೆ. ಕಡತಗಳನ್ನು ತೆರೆದು ನೋಡಿದಾಗ ದೋಷ ತಂತ್ರಾಂಶದ್ದಾಗಿರುವುದು ಅಪರೂಪ. ಕಾಗದವನ್ನು ವಿಂಗಡಿಸದೆ, ತೇವ ಆರಿಸದೆ, ಬಣ್ಣ ತೆಗೆದು ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿರುತ್ತಾರೆ, ಕೊನೆಗೆ ಬಂದ ಅಂಕಿಗಳನ್ನು ಪರೀಕ್ಷಿಸದೆ ಹಾಗೆಯೇ ನಂಬಿರುತ್ತಾರೆ. ಆದ್ದರಿಂದ ಈ ಬರಹದಲ್ಲಿ ಓಸಿಆರ್ ಗುಂಡಿ ಒತ್ತುವುದಕ್ಕಿಂತ ಮೊದಲು ಮತ್ತು ನಂತರ ಮಾಡಬೇಕಾದ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಆರಂಭದಲ್ಲಿಯೇ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ವಿಷಯವೊಂದಿದೆ. ಓಸಿಆರ್ ಎಂಬುದು ನಮ್ಮ ಗುಮಾಸ್ತರು ಓದುವ ರೀತಿಯಲ್ಲಿ ಕಾಗದವನ್ನು ಓದುವುದಿಲ್ಲ. ಅದು ಚಿತ್ರವನ್ನು ಮೊದಲು ಕಪ್ಪು ಮತ್ತು ಬಿಳಿ ಚುಕ್ಕೆಗಳಾಗಿ ಬೇರ್ಪಡಿಸುತ್ತದೆ, ಚುಕ್ಕೆಗಳ ಗುಂಪಿನಲ್ಲಿ ಸಾಲುಗಳನ್ನು ಹುಡುಕುತ್ತದೆ, ಸಾಲಿನ ಆಕಾರಗಳಿಗೆ ಯಾವ ಅಕ್ಷರ ಹೊಂದಬಹುದು ಎಂದು ಊಹಿಸುತ್ತದೆ. ಪದವಾದರೆ ಅಕ್ಕಪಕ್ಕದ ಅಕ್ಷರಗಳು ಊಹೆಗೆ ನೆರವಾಗುತ್ತವೆ. ಅಂಕಿಗೆ ಅಂಥ ನೆರವಿಲ್ಲ. 46,899 ಮತ್ತು 46,399 ಎರಡೂ ಅದಕ್ಕೆ ಸಮಾನವಾಗಿ ಸಂಭವನೀಯ. 1,500 ಅಕ್ಷರಗಳಿರುವ ಪುಟದಲ್ಲಿ ಶೇ 98ರಷ್ಟು ಸರಿ ಬಂದರೂ 30 ಅಕ್ಷರ ತಪ್ಪಾಗಿರುತ್ತವೆ. ಪತ್ರದಲ್ಲಿ ಅಷ್ಟು ತಪ್ಪು ನಡೆಯುತ್ತದೆ, ಆದರೆ ಬಿಲ್ಲಿನಲ್ಲಿ ಒಂದೇ ಒಂದು ತಪ್ಪೂ ನಡೆಯುವುದಿಲ್ಲ.

ಬೇಕಾಗುವ ಸಲಕರಣೆ

ಗಾಜಿನ ಮೇಲೆ ಕಾಗದವಿಟ್ಟು ಸ್ಕ್ಯಾನ್ ಮಾಡುವ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಒಂದು ಬೇಕು. ಕಾಗದವನ್ನು ತಾನೇ ಎಳೆದುಕೊಳ್ಳುವ ಫೀಡರ್ ಇದ್ದರೆ ವೇಗ ಹೆಚ್ಚುತ್ತದೆ, ಆದರೆ ಮಳೆಗಾಲ ಕಂಡ ಹಳೆಯ ಕಾಗದವನ್ನು ಅದಕ್ಕೆ ಕೊಡಬಾರದು. ಮೃದುವಾದ ಬ್ರಷ್, ಮುಖಕ್ಕೆ ಮಾಸ್ಕ್, ಪಿನ್ನು ಬಿಡಿಸಲು ತೆಳುವಾದ ಚಾಕು, ಒಂದಿಷ್ಟು ಬ್ಲಾಟಿಂಗ್ ಪೇಪರ್, ದಪ್ಪ ಕಪ್ಪು ಕಾಗದದ ಒಂದು ಹಾಳೆ ಮತ್ತು ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ವಿದ್ಯುತ್ ಕೈಕೊಡುವ ತಿಂಗಳುಗಳಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಅರ್ಧ ಬರೆದ ಪಿಡಿಎಫ್ ಕಡತ ಮತ್ತೆ ತೆರೆಯುವುದಿಲ್ಲ.

ತಂತ್ರಾಂಶಗಳಲ್ಲಿ, ಸಣ್ಣ ಕಚೇರಿಗೆ ನಾನು ಮೊದಲು ಸೂಚಿಸುವುದು ನ್ಯಾಪ್ಸ್2. ಇದು ಉಚಿತ; ಸ್ಕ್ಯಾನ್ ಮಾಡುವುದು, ಓರೆ ತಿದ್ದುವುದು, ಓಸಿಆರ್ ಮಾಡುವುದು ಮೂರನ್ನೂ ಒಂದೇ ಕಡೆ ಮಾಡುತ್ತದೆ, ಒಳಗಿನ ಓಸಿಆರ್ ಯಂತ್ರ ಟೆಸರಾಕ್ಟ್. ಸಾವಿರಾರು ಪುಟಗಳನ್ನು ಒಟ್ಟಿಗೆ ಸಂಸ್ಕರಿಸಬೇಕಿದ್ದು, ಆದೇಶ ಟೈಪ್ ಮಾಡಿ ಕೆಲಸ ಮಾಡಬಲ್ಲವರು ಜೊತೆಗಿದ್ದರೆ ಓಸಿಆರ್‌ಮೈಪಿಡಿಎಫ್ ಉತ್ತಮ. ಇವೆರಡೂ ಅಂತರ್ಜಾಲವಿಲ್ಲದೆ ನಡೆಯುತ್ತವೆ. ಮಳೆ ಹಿಡಿದರೆ ದಿನಗಟ್ಟಲೆ ಸಂಪರ್ಕ ಇರದ ನಮ್ಮ ಘಟ್ಟದ ಮೇಲಿನ ಊರುಗಳಿಗೆ ಇದು ಸಣ್ಣ ಅನುಕೂಲವಲ್ಲ. ಗೂಗಲ್ ಡ್ರೈವ್‌ನಲ್ಲಿ ಚಿತ್ರವನ್ನು ಗೂಗಲ್ ಡಾಕ್ಸ್ ಮೂಲಕ ತೆರೆದರೂ ಕನ್ನಡ ಪಠ್ಯ ಚೆನ್ನಾಗಿಯೇ ಬರುತ್ತದೆ, ಆದರೆ ಕಡತ 2 ಎಂಬಿಯೊಳಗೆ ಇರಬೇಕು ಮತ್ತು ಕೋಷ್ಟಕದ ರೂಪ ಉಳಿಯುವುದಿಲ್ಲ. ಸದಸ್ಯರ ಆಧಾರ್, ಬ್ಯಾಂಕ್ ಖಾತೆಯ ವಿವರಗಳಿರುವ ಕಾಗದವನ್ನು ಅಂತರ್ಜಾಲದ ಯಾವುದೇ ಉಚಿತ ತಾಣಕ್ಕೆ ಏರಿಸಬೇಡಿ. ಅವರು ನಮ್ಮನ್ನು ನಂಬಿ ಆ ಕಾಗದ ಕೊಟ್ಟಿದ್ದಾರೆ.

ಹಂತ 1: ವಿಂಗಡಣೆ

ಕಪಾಟಿನ ಕಟ್ಟು ಬಿಚ್ಚಿದ ತಕ್ಷಣ ಸ್ಕ್ಯಾನರಿನ ಕಡೆಗೆ ಹೋಗದೆ, ಮೇಜಿನ ಮೇಲೆ ನಾಲ್ಕು ಗುಡ್ಡೆ ಮಾಡಿ. ಸ್ವಚ್ಛವಾಗಿ ಮುದ್ರಿತವಾದ ಕನ್ನಡ ಮತ್ತು ಇಂಗ್ಲಿಷ್ ಕಾಗದಗಳು ಮೊದಲ ಗುಡ್ಡೆ. ಡಾಟ್ ಮ್ಯಾಟ್ರಿಕ್ಸ್ ಮುದ್ರಣ, ಕಾರ್ಬನ್ ಪ್ರತಿ ಮತ್ತು ಮಾಸಿದ ರಸೀದಿಗಳು ಎರಡನೆಯದು. ಕೈಬರಹದ ಖಾತೆ ಪುಸ್ತಕ, ತೂಕದ ಚೀಟಿ, ರೋಜುಕೀರ್ದಿಗಳು ಮೂರನೆಯದು. ನಾಲ್ಕನೆಯ ಗುಡ್ಡೆಯನ್ನು ಬಹಳ ಜನ ಮರೆಯುತ್ತಾರೆ: ಕಂಪ್ಯೂಟರಿನಲ್ಲಿ ಮೂಲ ಕಡತ ಈಗಲೂ ಇರುವ ಕಾಗದಗಳು.

ಈ ನಾಲ್ಕನೆಯ ಗುಡ್ಡೆಗೆ ಓಸಿಆರ್ ಬೇಕಾಗಿಯೇ ಇಲ್ಲ. ಸಂಘಗಳ ಠರಾವು, ನೋಟಿಸು, ವಾರ್ಷಿಕ ವರದಿಗಳು ಬಹುಪಾಲು ನುಡಿ, ಬರಹ ಅಥವಾ ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಟೈಪ್ ಆದವು. ಅವುಗಳಲ್ಲಿ ಹಳೆಯವು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿರುವುದರಿಂದ ಇನ್ನೊಂದು ಕಡೆ ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ರಾಶಿಯಂತೆ ಕಾಣುತ್ತವೆ, ಅದನ್ನು ಕಂಡು ಜನ ಮುದ್ರಿಸಿ ಸ್ಕ್ಯಾನ್ ಮಾಡಲು ಹೊರಡುತ್ತಾರೆ. ಮೂಲ ಕಡತವಿದ್ದರೆ ಫಾಂಟ್ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಾಯಿಸಿ. ಫಲಿತಾಂಶ ಯಾವ ಓಸಿಆರ್‌ಗಿಂತಲೂ ನಿಖರವಾಗಿರುತ್ತದೆ. ಮೂಲ ಕಳೆದು ಪಿಡಿಎಫ್ ಮಾತ್ರ ಉಳಿದಿದ್ದರೆ ಆಗ ಓಸಿಆರ್ ಮಾಡಬೇಕು, ಆದರೆ ಒಳಗಿರುವ ತಪ್ಪು ಪಠ್ಯವನ್ನು ಕಡೆಗಣಿಸಿ ಪುಟವನ್ನು ಚಿತ್ರವಾಗಿ ತೆಗೆದುಕೊಳ್ಳುವಂತೆ ತಂತ್ರಾಂಶಕ್ಕೆ ಬಲವಂತದ ಆಯ್ಕೆ ಕೊಡಬೇಕು. ಇಲ್ಲವಾದರೆ ಪುಟದಲ್ಲಿ ಈಗಾಗಲೇ ಪಠ್ಯವಿದೆ ಎಂದು ಅದು ಕೆಲಸವನ್ನೇ ಬಿಟ್ಟುಬಿಡುತ್ತದೆ.

ಮೂರನೆಯ ಗುಡ್ಡೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಕೈಬರಹದ ಕನ್ನಡ ಖಾತೆಯನ್ನು ಓಸಿಆರ್‌ಗೆ ಕೊಟ್ಟು ಬಂದದ್ದನ್ನು ತಿದ್ದುವುದಕ್ಕಿಂತ, ಸ್ಕ್ಯಾನ್ ಮಾತ್ರ ಮಾಡಿ ಹೆಸರು, ದಿನಾಂಕ, ಮೊತ್ತ ಮೂರನ್ನು ಕೈಯಿಂದ ಕೋಷ್ಟಕಕ್ಕೆ ತುಂಬುವುದು ಬೇಗ ಮುಗಿಯುತ್ತದೆ. ಹಿರಿಯ ಗುಮಾಸ್ತರೊಬ್ಬರು ಓದಿ ಹೇಳುತ್ತ, ಇನ್ನೊಬ್ಬರು ಟೈಪ್ ಮಾಡುತ್ತ ಹೋದರೆ ಹಳೆಯ ಕೈಬರಹದ ಸಂಕ್ಷೇಪಗಳೂ ಬಿಡಿಸಿಕೊಳ್ಳುತ್ತವೆ.

ಹಂತ 2: ಕಾಗದದ ಸಿದ್ಧತೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಾಗದ ಎಂದೂ ಪೂರ್ತಿ ಒಣಗಿರುವುದಿಲ್ಲ. ತೇವ ಹಿಡಿದ ಹಾಳೆ ಗಾಜಿನ ಮೇಲೆ ಸಮವಾಗಿ ಕೂರುವುದಿಲ್ಲ; ಅಲೆಯಂತೆ ಎದ್ದ ಕಡೆ ಸಾಲು ಬಾಗುತ್ತದೆ ಮತ್ತು ನೆರಳು ಬೀಳುತ್ತದೆ. ಬಾಗಿದ ಸಾಲಿನಲ್ಲಿ ಮೊದಲು ಹಾಳಾಗುವುದು ಕನ್ನಡದ ಒತ್ತಕ್ಷರ, ಏಕೆಂದರೆ ಅದು ಸಾಲಿನ ಕೆಳಗಿರುತ್ತದೆ. ಸಾಧ್ಯವಿದ್ದರೆ ಈ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ. ಮಳೆಗಾಲದಲ್ಲೇ ಮಾಡಬೇಕಾದರೆ, ಹಾಳೆಗಳ ನಡುವೆ ಬ್ಲಾಟಿಂಗ್ ಪೇಪರ್ ಹಾಕಿ, ಮೇಲೆ ಹಗುರವಾದ ಹಲಗೆ ಇಟ್ಟು, ಫ್ಯಾನ್ ಗಾಳಿಗೆ ಒಂದೆರಡು ದಿನ ಬಿಡಿ. ಬಿಸಿಲಿಗೆ ಹರಡುವುದು, ಒಲೆಯ ಮೇಲಿನ ಅಟ್ಟದಲ್ಲಿಡುವುದು, ಇಸ್ತ್ರಿ ಹಾಕುವುದು ಮೂರೂ ತಪ್ಪು. ಕಾಗದ ಗರಿಗರಿಯಾಗಿ ಮುರಿಯುತ್ತದೆ, ಹೊಗೆಯ ಬಣ್ಣ ಹತ್ತುತ್ತದೆ.

ಬೂಷ್ಟು ಹಿಡಿದ ಹಾಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಶಾಯಿ ಕದಡುತ್ತದೆ. ಪೂರ್ತಿ ಒಣಗಿದ ಮೇಲೆ, ಮಾಸ್ಕ್ ಧರಿಸಿ, ಕೋಣೆಯ ಹೊರಗೆ ಮೃದುವಾದ ಬ್ರಷ್ಷಿನಿಂದ ಒಂದೇ ದಿಕ್ಕಿನಲ್ಲಿ ಜಾಡಿಸಿ. ಒರಲೆ ತಿಂದು ತುಂಡಾದ ಹಾಳೆಗಳಿಗೆ ಸೆಲ್ಲೊಟೇಪ್ ಅಂಟಿಸಬಾರದು. ಗಾಜಿನ ಮೇಲೆ ತುಂಡುಗಳನ್ನು ಜೋಡಿಸಿ, ಮೇಲೆ ಬಿಳಿ ಹಾಳೆ ಇಟ್ಟು ಹಾಗೆಯೇ ಸ್ಕ್ಯಾನ್ ಮಾಡಬಹುದು. ತುಕ್ಕು ಹಿಡಿದ ಪಿನ್ನನ್ನು ಎಳೆದರೆ ಕಾಗದ ಹರಿಯುತ್ತದೆ ಮತ್ತು ಸಾಮಾನ್ಯವಾಗಿ ಬಿಲ್ಲಿನ ಸಂಖ್ಯೆ ಇರುವುದು ಆ ಮೂಲೆಯಲ್ಲಿಯೇ. ಹಿಂಬದಿಯಿಂದ ಎರಡೂ ಕಾಲುಗಳನ್ನು ಚಾಕುವಿನ ತುದಿಯಿಂದ ಎತ್ತಿ ನೇರ ಮಾಡಿ, ನಂತರ ಮುಂಬದಿಯಿಂದ ಹೊರತೆಗೆಯಿರಿ.

ಅಂಗಡಿಯ ಬಿಲ್ಲಿಂಗ್ ಯಂತ್ರದಿಂದ ಬರುವ, ನಯವಾದ ಮೈಯ ಥರ್ಮಲ್ ರಸೀದಿಗಳನ್ನು ಉಳಿದೆಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಬೇಕು. ಅವುಗಳಲ್ಲಿ ಶಾಯಿಯೇ ಇರುವುದಿಲ್ಲ; ಶಾಖಕ್ಕೆ ಕಪ್ಪಾಗುವ ಲೇಪನದಿಂದ ಅಕ್ಷರ ಮೂಡಿರುತ್ತದೆ ಮತ್ತು ಕಾಲ ಕಳೆದಂತೆ ಅಳಿಯುತ್ತದೆ. ಉಳಿಸಿಕೊಳ್ಳುವ ಉದ್ದೇಶದಿಂದ ಬಿಸಿ ಲ್ಯಾಮಿನೇಷನ್ ಮಾಡಿಸಿದವರ ರಸೀದಿಗಳು ಅಂಗೈಯಗಲದ ಕಪ್ಪು ಪಟ್ಟಿಗಳಾಗಿ ನನ್ನ ಬಳಿ ಬಂದಿವೆ. ಅವುಗಳಿಗೆ ಪರಿಹಾರವಿಲ್ಲ.

ಹಂತ 3: ಸ್ಕ್ಯಾನ್ ಮಾಡುವುದು

ಅರ್ಧಕ್ಕಿಂತ ಹೆಚ್ಚಿನ ವೈಫಲ್ಯ ನಿರ್ಧಾರವಾಗುವುದು ಇಲ್ಲಿ ಎಂಬುದು ನನ್ನ ಅನುಭವ. ಸಾಧಾರಣ ಅಕ್ಷರಕ್ಕೆ 300 ಡಿಪಿಐ (ಒಂದು ಅಂಗುಲಕ್ಕೆ ಇಷ್ಟು ಚುಕ್ಕೆ ಎಂಬ ಅಳತೆ) ಸಾಕು. ಒತ್ತಕ್ಷರಗಳು ಇಕ್ಕಟ್ಟಾಗಿರುವ ಕನ್ನಡ, ಚಿಕ್ಕ ಅಕ್ಷರದ ಷರತ್ತುಗಳು ಇದ್ದರೆ 400 ಇಡಿ. ಅದಕ್ಕಿಂತ ಮೇಲೆ ಹೋದರೆ ಕಡತ ದೊಡ್ಡದಾಗುತ್ತದೆಯೇ ಹೊರತು, ನಮ್ಮ ಬಿಲ್ಲುಗಳ ಮಟ್ಟಿಗೆ ಲಾಭ ಕಡಿಮೆ. 300 ಡಿಪಿಐಯಲ್ಲಿ ಎ4 ಹಾಳೆಯ ಚಿತ್ರ 2480 ಪಿಕ್ಸೆಲ್ ಅಗಲ, 3508 ಪಿಕ್ಸೆಲ್ ಎತ್ತರ ಇರಬೇಕು. ಕಡತದ ವಿವರಗಳಲ್ಲಿ ಈ ಸಂಖ್ಯೆ ನೋಡಿ. 1000ದ ಆಸುಪಾಸಿನ ಅಗಲ ಕಂಡರೆ ಎಲ್ಲೋ ಚಿತ್ರ ಕುಗ್ಗಿದೆ ಎಂದರ್ಥ.

ಕುಗ್ಗುವ ಸ್ಥಳ ಬಹುತೇಕ ವಾಟ್ಸ್ಆ್ಯಪ್. ಶಾಖೆಯಲ್ಲಿ ಕುಳಿತವರು ಮೊಬೈಲಿನಲ್ಲಿ ಬಿಲ್ಲಿನ ಫೋಟೋ ತೆಗೆದು ಮುಖ್ಯ ಕಚೇರಿಗೆ ಕಳಿಸುತ್ತಾರೆ, ಇಲ್ಲಿ ಅದನ್ನು ಇಳಿಸಿಕೊಂಡು ಓಸಿಆರ್‌ಗೆ ಹಾಕುತ್ತಾರೆ. ಫೋಟೋ ಆಗಿ ಕಳಿಸಿದರೆ ವಾಟ್ಸ್ಆ್ಯಪ್ ಚಿತ್ರವನ್ನು ಕಿರಿದಾಗಿಸುತ್ತದೆ, ಅಕ್ಷರದ ಅಂಚಿನಲ್ಲಿ ಬೂದು ಚುಕ್ಕೆಗಳು ಮೂಡುತ್ತವೆ, ಕಣ್ಣಿಗೆ ಓದಲು ಬಂದರೂ ಯಂತ್ರಕ್ಕೆ 3 ಮತ್ತು 8ರ ವ್ಯತ್ಯಾಸ ತಿಳಿಯುವುದಿಲ್ಲ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ಗಾತ್ರ ಉಳಿಯುತ್ತದೆ.

ಸ್ಕ್ಯಾನ್ ಯಾವಾಗಲೂ ಬಣ್ಣದಲ್ಲಿರಲಿ. ಎ4 ಹಾಳೆಯ ಬಣ್ಣದ ಚಿತ್ರ ಸಂಕುಚಿತಗೊಳಿಸದಿದ್ದರೆ ಸುಮಾರು 26 ಎಂಬಿ ಆಗುತ್ತದೆ, ಅದನ್ನು ಕಂಡು ಜನ ಕಪ್ಪು ಬಿಳುಪು ಆಯ್ಕೆ ಮಾಡುತ್ತಾರೆ. ನಾನೂ ಮೊದಲ ವರ್ಷ ಹಾಗೆಯೇ ಒಂದು ವಖಾರಿಯ 140 ಬಿಲ್ಲುಗಳನ್ನು ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿ, ಎಲ್ಲವನ್ನೂ ಎರಡನೆಯ ಸಲ ಮಾಡಬೇಕಾಯಿತು. ಕಾರಣ, ಪ್ರತಿ ಬಿಲ್ಲಿನ ಮೊತ್ತದ ಮೇಲೆ ನೇರಳೆ ಬಣ್ಣದ ಮುದ್ರೆ ಬಿದ್ದಿತ್ತು. ಬಣ್ಣವಿದ್ದಾಗ ಮುದ್ರೆಯನ್ನೂ ಅಕ್ಷರವನ್ನೂ ಬೇರ್ಪಡಿಸಬಹುದಿತ್ತು. ಕಪ್ಪು ಬಿಳುಪಿನಲ್ಲಿ ಎರಡೂ ಒಂದೇ ಕಲೆಯಾಗಿ ಸೇರಿಹೋಗಿದ್ದವು. ಮೂಲ ಚಿತ್ರವನ್ನು ಟಿಫ್ ಅಥವಾ ಪಿಎನ್‌ಜಿ ರೂಪದಲ್ಲಿ ಉಳಿಸಿ. ಜೆಪೆಗ್ ಬಳಸಬೇಕಾದರೆ ಗುಣಮಟ್ಟವನ್ನು ಹೆಚ್ಚೇ ಇಡಿ.

ತೆಳುವಾದ ಬಿಲ್ಲಿನಲ್ಲಿ ಹಿಂಬದಿಯ ಅಕ್ಷರ ಮುಂದಕ್ಕೆ ಕಾಣುತ್ತಿದ್ದರೆ, ಹಾಳೆಯ ಹಿಂದೆ ಕಪ್ಪು ಕಾಗದ ಇಟ್ಟು ಮುಚ್ಚಳ ಹಾಕಿ. ಹಿನ್ನೆಲೆ ಸ್ವಲ್ಪ ಬೂದಾಗುತ್ತದೆ, ಹಿಂಬದಿಯ ಅಕ್ಷರ ಮಾತ್ರ ಮಾಯವಾಗುತ್ತದೆ.

ಮೊಬೈಲಿನಿಂದಲೇ ಮಾಡುವವರು ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಫೋನನ್ನು ಕಾಗದಕ್ಕೆ ಸಮಾನಾಂತರವಾಗಿ ಹಿಡಿದು ತೆಗೆಯಬೇಕು. ಹೊಲಿಗೆ ಹಾಕಿದ ದಪ್ಪ ಪುಸ್ತಕವನ್ನು ಗಾಜಿನ ಮೇಲೆ ಒತ್ತಿ ಬೆನ್ನು ಮುರಿಯುವುದಕ್ಕಿಂತ ಮೊಬೈಲ್ ಒಳ್ಳೆಯದು.

ನಿಲ್ಲಿಸಿ ನೋಡಬೇಕಾದ ಸೂಚನೆ: ಎಲ್ಲ ಪುಟಗಳಲ್ಲೂ ಒಂದೇ ಜಾಗದಲ್ಲಿ ಗೆರೆ ಅಥವಾ ಮಸುಕು ಕಂಡರೆ ದೋಷ ಕಾಗದದ್ದಲ್ಲ, ಗಾಜಿನದು. ಕರಾವಳಿಯ ಉಪ್ಪುಗಾಳಿಯಲ್ಲಿ ಗಾಜಿನ ಮೇಲೆ ಬೇಗ ಪೊರೆ ಕಟ್ಟುತ್ತದೆ. ಗಾಜು ಒರೆಸುವ ದ್ರವವನ್ನು ಬಟ್ಟೆಗೆ ಹಾಕಿ ಒರೆಸಿ, ಗಾಜಿನ ಮೇಲೆ ನೇರವಾಗಿ ಸಿಂಪಡಿಸಿದರೆ ಅಂಚಿನಿಂದ ಒಳಗೆ ಇಳಿಯುತ್ತದೆ.

ಹಂತ 4: ಚಿತ್ರ ಶುದ್ಧೀಕರಣ

ಇಲ್ಲಿ ಕ್ರಮ ಮುಖ್ಯ. ಮೊದಲು ಅಂಚು ಕತ್ತರಿಸಿ, ಆಮೇಲೆ ಓರೆ ತಿದ್ದಿ, ಆಮೇಲೆ ಮುದ್ರೆ ಮತ್ತು ಕಲೆ ತೆಗೆಯಿರಿ, ಎಲ್ಲಕ್ಕೂ ಕೊನೆಯಲ್ಲಿ ಕಪ್ಪು ಬಿಳುಪಿಗೆ ಬದಲಿಸಿ. ಅಂಚಿನ ಕಪ್ಪು ಪಟ್ಟಿ ಉಳಿದರೆ ಓರೆಯನ್ನು ಅಳೆಯುವ ತಂತ್ರಾಂಶ ಆ ಪಟ್ಟಿಯನ್ನೇ ಸಾಲೆಂದು ತಿಳಿಯಬಹುದು. ಮೊದಲೇ ಕಪ್ಪು ಬಿಳುಪು ಮಾಡಿ ನಂತರ ಓರೆ ತಿದ್ದಿದರೆ ಅಕ್ಷರದ ಅಂಚು ಮೆಟ್ಟಿಲಿನಂತೆ ಒಡೆಯುತ್ತದೆ.

ಮುದ್ರೆ ತೆಗೆಯುವ ವಿಧಾನವನ್ನು ಒಂದು ಬಿಲ್ಲಿನ ಮೇಲೆ ನೋಡೋಣ. ಬಣ್ಣದ ಚಿತ್ರ ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳಿಂದ ಆಗಿರುತ್ತದೆ. ಗಿಂಪ್‌ನಂತಹ ಉಚಿತ ತಂತ್ರಾಂಶದಲ್ಲಿ ಈ ಪದರಗಳನ್ನು ಬೇರೆ ಬೇರೆಯಾಗಿ ತೆಗೆಯಬಹುದು. ಕೆಂಪು ಮುದ್ರೆ ಕೆಂಪು ಪದರದಲ್ಲಿ ಬಿಳಿಯ ಹತ್ತಿರ ಬರುತ್ತದೆ. ನೀಲಿ ಮತ್ತು ನೇರಳೆ ಮುದ್ರೆ ನೀಲಿ ಪದರದಲ್ಲಿ ತಿಳಿಯಾಗುತ್ತದೆ. ಕಪ್ಪು ಮುದ್ರಣ ಮೂರೂ ಪದರಗಳಲ್ಲಿ ಕಪ್ಪಾಗಿಯೇ ಉಳಿಯುತ್ತದೆ. ನೇರಳೆ ಮುದ್ರೆಯ ಬಿಲ್ಲಿನಲ್ಲಿ ನೀಲಿ ಪದರವನ್ನು ಮಾತ್ರ ಉಳಿಸಿಕೊಂಡಾಗ, ಮುದ್ರೆಯ ಉಂಗುರದ ಅಡಿಯಲ್ಲಿ ಮುಚ್ಚಿಹೋಗಿದ್ದ 46,899ರ 8 ಪೂರ್ತಿಯಾಗಿ ಹೊರಬಂತು. ಒಂದು ಎಚ್ಚರಿಕೆ ಇದೆ: ಹಳದಿಗಟ್ಟಿದ ಹಳೆಯ ಕಾಗದ ನೀಲಿ ಪದರದಲ್ಲಿ ಕಪ್ಪಾಗಿ ಕಾಣುತ್ತದೆ, ಆದ್ದರಿಂದ ಅಲ್ಲಿ ಹಿನ್ನೆಲೆಯನ್ನು ಬೆಳ್ಳಗಾಗಿಸಿ ಮುಂದುವರಿಯಬೇಕು. ಎಲ್ಲ ಪುಟಗಳಿಗೂ ಮಾಡಬೇಕಾಗಿಲ್ಲ, ಮುದ್ರೆ ಬಿದ್ದ ಪುಟಗಳಿಗೆ ಸಾಕು.

ಡಾಟ್ ಮ್ಯಾಟ್ರಿಕ್ಸ್ ಮುದ್ರಣದಲ್ಲಿ ಅಕ್ಷರ ಚುಕ್ಕೆಗಳಿಂದ ಆಗಿರುವುದರಿಂದ ಯಂತ್ರ ಒಂದೊಂದು ಚುಕ್ಕೆಯನ್ನೂ ಬೇರೆ ಆಕಾರವೆಂದು ತಿಳಿಯುತ್ತದೆ. ಚಿತ್ರವನ್ನು ಸ್ವಲ್ಪವೇ ಮಸುಕು ಮಾಡಿ ಚುಕ್ಕೆಗಳು ಒಂದಕ್ಕೊಂದು ಕೂಡುವಂತೆ ಮಾಡಿದರೆ ಫಲಿತಾಂಶ ಸುಧಾರಿಸುತ್ತದೆ. ಕಲೆ ತೆಗೆಯುವ ಆಯ್ಕೆಯನ್ನು ಇವಕ್ಕೆ ಬಳಸಬೇಡಿ. ಅದು ಚುಕ್ಕೆಗಳನ್ನು ಕಸವೆಂದು ಅಳಿಸುತ್ತದೆ. ಕನ್ನಡದ ಸಣ್ಣ ಮುದ್ರಣದಲ್ಲೂ ಇದೇ ಅಪಾಯವಿದೆ, ಠ ಅಕ್ಷರದ ಒಳಗಿನ ಬೊಟ್ಟು, ಮಹಾಪ್ರಾಣದ ಕೆಳಗಿನ ಸೀಳು, ದಶಾಂಶದ ಚುಕ್ಕೆ ಎಲ್ಲವೂ ಕಸದ ಗಾತ್ರದವೇ.

ಹಂತ 5: ಭಾಷೆ ಮತ್ತು ಪುಟವಿನ್ಯಾಸದ ಆಯ್ಕೆ

ನಮ್ಮ ಬಿಲ್ಲಿನಲ್ಲಿ ಹೆಸರು ಕನ್ನಡದಲ್ಲಿ, ಜಿಎಸ್‌ಟಿ ಸಂಖ್ಯೆ ಇಂಗ್ಲಿಷಿನಲ್ಲಿ ಇರುವುದು ಸಾಮಾನ್ಯ. ಆದ್ದರಿಂದ ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಒಟ್ಟಿಗೆ ಆಯ್ಕೆ ಮಾಡಿ. ಬರೀ ಇಂಗ್ಲಿಷ್ ಇಟ್ಟರೆ ಕನ್ನಡ ಪದಗಳ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ, ನನಗೆ ಬರುವ ದೂರುಗಳಲ್ಲಿ ಇದೂ ಆಗಾಗ ಇರುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾರಣ ಕಾರವಾರ ಕಡೆಯ ಹಳೆಯ ಕಾಗದಗಳಲ್ಲಿ ಮರಾಠಿ ಸಿಗುತ್ತದೆ; ಅಂಥ ಪುಟಗಳನ್ನು ಬೇರೆ ಕಟ್ಟು ಮಾಡಿ ಅವಕ್ಕೆ ಮಾತ್ರ ಮರಾಠಿ ಸೇರಿಸಿ. ಎಲ್ಲ ಪುಟಗಳಿಗೂ ನಾಲ್ಕಾರು ಭಾಷೆ ಆಯ್ಕೆ ಮಾಡಿಟ್ಟರೆ ಕೆಲಸ ನಿಧಾನವಾಗುವುದಲ್ಲದೆ ಊಹೆಯೂ ಕೆಡುತ್ತದೆ.

ಪುಟವಿನ್ಯಾಸದ ಆಯ್ಕೆ ಟೆಸರಾಕ್ಟ್‌ನಲ್ಲಿ ಸಂಖ್ಯೆಯ ರೂಪದಲ್ಲಿರುತ್ತದೆ. ಸಾಧಾರಣ ಪತ್ರಕ್ಕೆ ತಾನಾಗಿಯೇ ಇರುವ 3 ಸಾಕು. ಸಾಲುಸಾಲಾದ ಬಿಲ್ಲಿಗೆ 6 ಬಳಸಿದರೆ ಒಂದು ಸಾಲಿನ ತೂಕ, ದರ, ಮೊತ್ತ ಅದೇ ಸಾಲಿನಲ್ಲಿ ಉಳಿಯುತ್ತವೆ. ಅಲ್ಲಲ್ಲಿ ಚದುರಿದ ಬರಹವಿರುವ ರಸೀದಿಗೆ 11 ಹೊಂದುತ್ತದೆ. ಕೋಷ್ಟಕದ ಉದ್ದ ಗೆರೆಗಳು 1 ಎಂಬ ಅಂಕಿಯಾಗಿ ಬರುವುದುಂಟು. ಅಂಥ ಬಿಲ್ಲಿನಲ್ಲಿ ಗೆರೆಗಳನ್ನು ಮೊದಲೇ ಅಳಿಸಬೇಕು.

ಹಂತ 6: ಹತ್ತು ಪುಟದ ಪ್ರಯೋಗ

ಇಡೀ ಕಟ್ಟನ್ನು ಒಮ್ಮೆಗೇ ಓಡಿಸಬೇಡಿ. ಒಳ್ಳೆಯ, ಸಾಧಾರಣ, ಕೆಟ್ಟ ಕಾಗದಗಳಿಂದ ಆರಿಸಿದ ಹತ್ತು ಪುಟಗಳನ್ನು ಓಡಿಸಿ, ಮುದ್ರಿಸಿ, ಮೂಲದ ಪಕ್ಕದಲ್ಲಿಟ್ಟು ಕೆಂಪು ಪೆನ್ನಿನಿಂದ ತಪ್ಪು ಗುರುತಿಸಿ. ಇಪ್ಪತ್ತು ಪದಗಳಿಗೆ ಒಂದಕ್ಕಿಂತ ಹೆಚ್ಚು ಪದ ತಪ್ಪಾಗಿದ್ದರೆ ನಾನು ತಿದ್ದಲು ಕೂರುವುದಿಲ್ಲ, ಮೂರನೆಯ ಹಂತಕ್ಕೆ ಹಿಂದಿರುಗುತ್ತೇನೆ.

ತಪ್ಪುಗಳ ಸ್ವಭಾವ ನೋಡಿದರೆ ಕಾರಣ ತಿಳಿಯುತ್ತದೆ. ಒತ್ತಕ್ಷರಗಳು ಬಿಟ್ಟುಹೋಗಿದ್ದರೆ ಡಿಪಿಐ ಕಡಿಮೆಯಾಗಿದೆ ಅಥವಾ ಸಾಲು ಬಾಗಿದೆ. ದ ಮತ್ತು ಧ, ಬ ಮತ್ತು ಭ ಅದಲುಬದಲಾಗಿದ್ದರೆ ಕಲೆ ತೆಗೆಯುವ ಆಯ್ಕೆ ಅತಿಯಾಗಿದೆ. ವ, ಪ, ಮ ಒಂದರ ಜಾಗದಲ್ಲಿ ಇನ್ನೊಂದು ಬಂದಿದ್ದರೆ ಮುದ್ರಣದ ಶಾಯಿ ಹರಡಿದೆ, ಕಪ್ಪಿನ ಮಟ್ಟ ಇಳಿಸಬೇಕು. ಅರ್ಕಾವೊತ್ತು ಮತ್ತು ಕನ್ನಡದ ೯ ಒಂದೇ ಆಕಾರದವಾದ್ದರಿಂದ, ಕರ್ಕಿ ಎಂಬ ಊರಿನ ಹೆಸರಿನ ನಡುವೆ ಒಂಬತ್ತು ಬಂದು ಕೂರಬಹುದು. ಅನುಸ್ವಾರ ಮತ್ತು ಕನ್ನಡದ ಸೊನ್ನೆಯ ಕಥೆಯೂ ಅದೇ: ಸಂಘ ಎಂಬಲ್ಲಿ ಸೊನ್ನೆ ಕುಳಿತಿದ್ದರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಹುಡುಕಿದಾಗ ಮಾತ್ರ ಸಿಗುವುದಿಲ್ಲ. ಅಕ್ಷರಗಳ ನಡುವೆ ಬಂದ ಕನ್ನಡ ಸೊನ್ನೆಯನ್ನು ಅನುಸ್ವಾರಕ್ಕೆ ಬದಲಿಸುವ ಕೆಲಸವನ್ನು ಎಲ್ಲ ಕಡತಗಳಿಗೂ ಒಮ್ಮೆಲೇ ಮಾಡಬಹುದು.

ಹಂತ 7: ಅಂಕಿಗಳ ಪರೀಕ್ಷೆ

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಪದದ ತಪ್ಪು ಕಣ್ಣಿಗೆ ಬೀಳುತ್ತದೆ. ಅಂಕಿಯ ತಪ್ಪು ಸರಿಯಾದ ಅಂಕಿಯಂತೆಯೇ ಕಾಣುತ್ತದೆ. ಆದ್ದರಿಂದ ಓದಿ ನೋಡುವುದು ಸಾಲದು, ಲೆಕ್ಕದಿಂದಲೇ ಸಾಬೀತುಪಡಿಸಬೇಕು.

ಒಂದು ಉದಾಹರಣೆ ಮಾಡಿಕೊಳ್ಳೋಣ. ರಾಶಿ ಎಂಬ ಬಗೆಯ ಅಡಿಕೆ, ಚೀಲದ ತೂಕ ಕಳೆದು 147 ಕಿಲೊ 500 ಗ್ರಾಂ, ಕ್ವಿಂಟಲ್ ದರ 46,899 ರೂಪಾಯಿ. ಮೊತ್ತ 69,176 ರೂಪಾಯಿ 3 ಪೈಸೆ ಆಗಬೇಕು. ಯಂತ್ರ ದರವನ್ನು 46,399 ಎಂದು ಓದಿದ್ದರೆ ಗುಣಾಕಾರ 68,438 ರೂಪಾಯಿ 53 ಪೈಸೆ ಕೊಡುತ್ತದೆ, 737 ರೂಪಾಯಿ 50 ಪೈಸೆಯ ವ್ಯತ್ಯಾಸ ಎದ್ದು ಕಾಣುತ್ತದೆ. ವ್ಯತ್ಯಾಸವನ್ನು 1.475ರಿಂದ ಭಾಗಿಸಿದರೆ ಸರಿಯಾಗಿ 500 ಬರುತ್ತದೆ, ಅಂದರೆ ದರದ ನೂರರ ಸ್ಥಾನದಲ್ಲಿ 8 ಹೋಗಿ 3 ಆಗಿದೆ ಎಂದು ಕಾಗದ ನೋಡದೆಯೇ ಹೇಳಬಹುದು. ಎಕ್ಸೆಲ್‌ನಲ್ಲಿ ತೂಕ, ದರ, ಓದಿದ ಮೊತ್ತ, ಲೆಕ್ಕದ ಮೊತ್ತ, ವ್ಯತ್ಯಾಸ ಎಂಬ ಐದು ಅಂಕಣ ಮಾಡಿ. ವ್ಯತ್ಯಾಸ ಒಂದು ರೂಪಾಯಿ ಮೀರಿದ ಸಾಲುಗಳಿಗೆ ಬಣ್ಣ ಬರುವಂತೆ ಮಾಡಿ. ಹಮಾಲಿ, ದಲಾಲಿ ಮತ್ತಿತರ ಕಡಿತಗಳನ್ನೂ ಹೀಗೆಯೇ ನಿವ್ವಳ ಮೊತ್ತದ ಜೊತೆ ತಾಳೆ ನೋಡಿ.

ಗುಣಾಕಾರವಿಲ್ಲದ ಸಂಖ್ಯೆಗಳಿಗೆ ಅವುಗಳ ರಚನೆಯೇ ಪರೀಕ್ಷೆ. ಜಿಎಸ್‌ಟಿ ಸಂಖ್ಯೆಯಲ್ಲಿ 15 ಸ್ಥಾನಗಳಿವೆ. ಮೊದಲ ಎರಡು ರಾಜ್ಯದ ಸಂಕೇತ: ಕರ್ನಾಟಕಕ್ಕೆ 29, ಗೋವಾಕ್ಕೆ 30, ಮಹಾರಾಷ್ಟ್ರಕ್ಕೆ 27. ಮುಂದಿನ ಹತ್ತು ಪ್ಯಾನ್ ಸಂಖ್ಯೆ, ಅದರಲ್ಲಿ ಮೊದಲ ಐದು ಅಕ್ಷರ, ನಂತರ ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ. ಹದಿನಾಲ್ಕನೆಯದು ಸಾಮಾನ್ಯವಾಗಿ ಝಡ್, ಹದಿನೈದನೆಯದು ಉಳಿದ ಹದಿನಾಲ್ಕರಿಂದ ಲೆಕ್ಕ ಹಾಕಿದ ತಾಳೆಯ ಚಿಹ್ನೆ. ಹೀಗಿರುವಾಗ ಅಂಕಿಯ ಸ್ಥಾನದಲ್ಲಿ ಓ ಬಂದರೆ ಅದು ಸೊನ್ನೆ, ಎಸ್ ಬಂದರೆ 5, ಬಿ ಬಂದರೆ 8, ಐ ಬಂದರೆ 1. ಬ್ಯಾಂಕ್ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಸಂಕೇತದಲ್ಲಿ 11 ಸ್ಥಾನಗಳಿದ್ದು ಐದನೆಯದು ಯಾವಾಗಲೂ ಸೊನ್ನೆ.

ಕೋಷ್ಟಕಕ್ಕೆ ತುಂಬುವ ಮೊದಲು ಬ್ಯಾಂಕ್ ಖಾತೆ ಸಂಖ್ಯೆ, ಬಿಲ್ಲಿನ ಸಂಖ್ಯೆ ಮತ್ತು ದಿನಾಂಕದ ಅಂಕಣಗಳನ್ನು ಪಠ್ಯ ಎಂದು ಗುರುತಿಸಿಡಿ. ಇಲ್ಲವಾದರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ತೆಗೆಯುತ್ತದೆ, 15 ಅಂಕಿ ಮೀರಿದ ಸಂಖ್ಯೆಯ ಬಾಲವನ್ನು ಸೊನ್ನೆ ಮಾಡುತ್ತದೆ, ಮೇ 4ನ್ನು ಏಪ್ರಿಲ್ 5 ಮಾಡುತ್ತದೆ. ಓಸಿಆರ್ ಸರಿಯಾಗಿ ಓದಿಕೊಟ್ಟದ್ದು ಹೀಗೆ ನಂತರ ಕೆಟ್ಟುಹೋಗುವುದನ್ನು ನೋಡುವುದು ಬೇಸರದ ಸಂಗತಿ.

ಟೆಸರಾಕ್ಟ್ ಪ್ರತಿ ಪದಕ್ಕೂ 0ಯಿಂದ 100ರೊಳಗೆ ತನ್ನ ಭರವಸೆಯ ಅಂಕ ಕೊಡಬಲ್ಲದು. ಕಡಿಮೆ ಅಂಕದ ಪದಗಳನ್ನು ಮೊದಲು ನೋಡಲು ಅದು ಉಪಯುಕ್ತ, ಆದರೆ ಹೆಚ್ಚು ಅಂಕ ಬಂದ ಮಾತ್ರಕ್ಕೆ ಮೊತ್ತವನ್ನು ಪರೀಕ್ಷಿಸದೆ ಬಿಡಬಾರದು. ಯಂತ್ರ ಪೂರ್ಣ ಭರವಸೆಯಿಂದಲೇ ತಪ್ಪು ಓದುತ್ತದೆ.

ಹಂತ 8: ಉಳಿಸುವುದು, ಹೆಸರಿಡುವುದು, ಹುಡುಕುವುದು

ಪ್ರತಿ ದಾಖಲೆಗೆ ಹುಡುಕಬಲ್ಲ ಪಿಡಿಎಫ್ ಮಾಡಿ. ಇದರಲ್ಲಿ ಮೇಲೆ ಮೂಲ ಚಿತ್ರ ಹಾಗೆಯೇ ಕಾಣುತ್ತದೆ, ಅದರ ಅಡಿಯಲ್ಲಿ ಕಣ್ಣಿಗೆ ಕಾಣದ ಪಠ್ಯದ ಪದರವಿರುತ್ತದೆ. ದೀರ್ಘಕಾಲ ಇಡಬೇಕಾದವನ್ನು ಅದಕ್ಕೆಂದೇ ಇರುವ ಪಿಡಿಎಫ್-ಎ ಎಂಬ ಪಿಡಿಎಫ್ ರೂಪದಲ್ಲಿ ಉಳಿಸಿ. ಕಡತದ ಹೆಸರು ವರ್ಷ, ತಿಂಗಳು, ದಿನ, ಬಗೆ, ಸಂಖ್ಯೆ ಎಂಬ ಕ್ರಮದಲ್ಲಿರಲಿ, ಆಗ ಪಟ್ಟಿ ತಾನಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತದೆ. ಕಪಾಟುಗಳನ್ನು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷದ ಪ್ರಕಾರ ವಿಂಗಡಿಸಿದರೆ ಲೆಕ್ಕಪರಿಶೋಧಕರಿಗೂ ಅನುಕೂಲ.

ಕನ್ನಡದಲ್ಲಿ ಹುಡುಕಿದಾಗ ಇರುವ ಹೆಸರೂ ಸಿಗದಿರುವುದಕ್ಕೆ ಇನ್ನೊಂದು ಕಾರಣವಿದೆ. ಕೊ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ, ಎತ್ವ ಮತ್ತು ದೀರ್ಘ ಉಕಾರದ ಎರಡು ಚಿಹ್ನೆಗಳಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ. ಓಸಿಆರ್ ಒಂದು ರೀತಿ, ಕೀಲಿಮಣೆ ಇನ್ನೊಂದು ರೀತಿ ಬರೆದಿದ್ದರೆ ಕೊಂಕಣಿ, ಹೊನ್ನಾವರ, ಕೊಟ್ಟೂರು ಯಾವುದನ್ನು ಹುಡುಕಿದರೂ ಸಿಗದು. ಪಠ್ಯವನ್ನೆಲ್ಲ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದರೆ ಇದು ಪರಿಹಾರವಾಗುತ್ತದೆ. ಕಂಪ್ಯೂಟರ್ ಕಲಿತ ಯಾರೇ ಆದರೂ ಸಣ್ಣ ಸ್ಕ್ರಿಪ್ಟ್ ಬರೆದು ಮಾಡಿಕೊಡಬಲ್ಲರು.

ಹಂತ 9: ಪ್ರತಿಗಳು ಮತ್ತು ಮೂಲ ಕಾಗದ

ಎರಡು ಪ್ರತಿ ಬೇರೆ ಬೇರೆ ಹಾರ್ಡ್ ಡಿಸ್ಕಿನಲ್ಲಿ, ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿ ಇರಬೇಕು. ಹೊಳೆ ಉಕ್ಕಿ ನೀರು ನುಗ್ಗುವ ಕರಾವಳಿಯ ತಗ್ಗಿನ ಊರುಗಳಲ್ಲಿ ಎರಡನೆಯದು ಘಟ್ಟದ ಮೇಲಿರಲಿ. ಪ್ರತಿ ಮಾಡಿದ ಮೇಲೆ ಅದರಿಂದ ಹತ್ತು ಕಡತ ತೆರೆದು ನೋಡಿ, ತೆರೆಯದ ಪ್ರತಿ ಪ್ರತಿಯಲ್ಲ.

ಸ್ಕ್ಯಾನ್ ಆಯಿತೆಂದು ಮೂಲವನ್ನು ರದ್ದಿಗೆ ಹಾಕಬೇಡಿ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಮೇಲ್ಮನವಿ ಅಥವಾ ತನಿಖೆ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಸ್ಕ್ಯಾನ್ ಪ್ರತಿಯನ್ನು ನ್ಯಾಯಾಲಯದಲ್ಲಿ ವಿದ್ಯುನ್ಮಾನ ದಾಖಲೆಯಾಗಿ ಹಾಜರುಪಡಿಸಲು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕಾಗುತ್ತದೆ. ಜಮೀನು, ಸಾಲ, ಷೇರಿಗೆ ಸಂಬಂಧಿಸಿದ ಮೂಲ ಪತ್ರಗಳನ್ನು ಅವಧಿ ಕಳೆದರೂ ಇಟ್ಟುಕೊಳ್ಳಿ.

ಮೂಲಗಳನ್ನು ಮತ್ತೆ ಕಟ್ಟುವಾಗ ಪಿನ್ನು ಚುಚ್ಚದೆ, ಹತ್ತಿಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ, ಗೋಡೆಗೆ ತಾಗದ ಕಬ್ಬಿಣದ ಕಪಾಟಿನಲ್ಲಿ, ನೆಲದಿಂದ ಒಂದಡಿ ಮೇಲಿನ ಹಲಗೆಯಲ್ಲಿಡಿ. ಕಟ್ಟಿನ ಮೇಲೆ ಕಡತದ ಹೆಸರನ್ನೇ ಪೆನ್ಸಿಲಿನಿಂದ ಬರೆಯಿರಿ. ತೇವಕ್ಕೆ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ. ಕಪಾಟಿನ ಸಿಲಿಕಾ ಜೆಲ್ ಪೊಟ್ಟಣಗಳನ್ನು ಮೇ ಕೊನೆಯ ವಾರ ಒಮ್ಮೆ, ಆಗಸ್ಟ್‌ನಲ್ಲಿ ಮತ್ತೊಮ್ಮೆ ಬದಲಿಸಿ.